ಗಂಡನ ಹೊಡೆತಕ್ಕೆ ನಷ್ಟ ಪರಿಹಾರ ಕೇಳಿ ದಾವೆ ಹಾಕಬಹುದೇ, ಜೀವನಾಂಶಕ್ಕೇ ಸುಮ್ಮನಾಗಬೇಕೇ?

ಜಮಖಂಡಿಯ ಅಕ್ಕ:

ನನ್ನ ತಂಗಿಯನ್ನು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಅವಳಿಗೆ ಈಗ 29 ವರ್ಷ. ಕಳೆದ ವರ್ಷದಿಂದ ತವರಿನಲ್ಲಿದ್ದಾಳೆ, ಜೀವನಾಂಶದ ಅರ್ಜಿ ನಡೆಯುತ್ತಿದೆ. ಗಂಡ ಹೊಡೆಯುತ್ತಿದ್ದ ಎಂಬುದನ್ನು ಆ ಅರ್ಜಿಯಲ್ಲಿ ಎರಡು ಸಾಲಿನಲ್ಲಿ ಮುಗಿಸಿದ್ದಾರೆ.

ಅವಳ ಎಡಗೈ ಮಣಿಕಟ್ಟು ಮುರಿದು ಮಿರಜಿನ ಆಸ್ಪತ್ರೆಯೊಂದರಲ್ಲಿ ಪ್ಲೇಟ್ ಹಾಕಿದರು. ಖರ್ಚನ್ನೆಲ್ಲ ಕೊಟ್ಟಿದ್ದು ನಮ್ಮ ಅಪ್ಪ. ಮದುವೆಗೆ ಮುಂಚಿನಿಂದಲೂ ಅವಳು ಬ್ಲೌಸ್ ಹೊಲಿಯುತ್ತಿದ್ದಳು, ಗಂಡನ ಊರಿನಲ್ಲೂ ತಿಂಗಳಿಗೆ ಸುಮಾರು 9,000 ರೂಪಾಯಿ ದುಡಿಯುತ್ತಿದ್ದಳು. ಈಗ ನೇರ ಹೊಲಿಗೆ ಮಾತ್ರ ಆಗುತ್ತದೆ. ತೋಳು ಕೂಡಿಸುವಾಗ ಬಟ್ಟೆಯನ್ನು ಎಡಗೈಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಸೂಜಿಗೆ ಕೊಡಬೇಕಲ್ಲ, ಅಲ್ಲಿಗೆ ಬಂದರೆ ಕೈ ನಿಂತುಬಿಡುತ್ತದೆ. ಬಿಚ್ಚಿ ಮತ್ತೆ ಹೊಲಿಯುತ್ತಾಳೆ, ಮತ್ತೆ ಸುಕ್ಕು. ಯಂತ್ರವನ್ನು ಅವನು ಅಂಗಳಕ್ಕೆ ಎಸೆದು ಒಡೆದು ಹಾಕಿದ್ದಾನೆ.

ಹೊಡೆತದಿಂದ ಆದ ನಷ್ಟಕ್ಕೆ ಪ್ರತ್ಯೇಕವಾಗಿ ಪರಿಹಾರದ ದಾವೆ ಹಾಕಬಹುದು ಎಂದು ಪರಿಚಯದವರೊಬ್ಬರು ಹೇಳಿದರು. ನಮ್ಮ ವಕೀಲರನ್ನು ಕೇಳಿದರೆ, ನಮ್ಮ ಕಡೆ ಅಂತಹ ದಾವೆ ಯಾರೂ ಹಾಕುವುದಿಲ್ಲ, ಜೀವನಾಂಶ ಬಂದರೆ ಸಾಕು ಎಂದರು. ಮುಂದಿನ ತಿಂಗಳು ಎರಡೂ ಊರಿನ ಹಿರಿಯರು ರಾಜಿಗೆ ಕೂಡುವವರಿದ್ದಾರೆ. ಅಷ್ಟರೊಳಗೆ ತಿಳಿದುಕೊಳ್ಳಬೇಕಾಗಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಬೆಳಗಾವಿಯ ಕಾನೂನು ವಿದ್ಯಾರ್ಥಿ:

ಹಾಕಬಹುದು ಅಕ್ಕಾ. ಒಬ್ಬರು ಇನ್ನೊಬ್ಬರ ಮೈಮೇಲೆ ಕೈ ಮಾಡಿ ಗಾಯಗೊಳಿಸಿದರೆ ಅದು ಅಪರಾಧವೂ ಹೌದು, ನಷ್ಟ ತುಂಬಿಕೊಡಬೇಕಾದ ಸಿವಿಲ್ ತಪ್ಪೂ ಹೌದು. ಹೊಡೆದವನು ಗಂಡ ಎಂಬ ಕಾರಣಕ್ಕೆ ಅದು ತಪ್ಪಾಗದೆ ಹೋಗುವುದಿಲ್ಲ. ಕಾನೂನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ತಡೆಯದ ಎಲ್ಲ ಸಿವಿಲ್ ದಾವೆಗಳನ್ನೂ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಕಲಂ ಹೇಳುತ್ತದೆ.

ಇಂಗ್ಲೆಂಡಿನಲ್ಲಿ ಗಂಡ ಹೆಂಡತಿ ಕಾನೂನಿನ ಕಣ್ಣಿಗೆ ಒಬ್ಬರೇ ವ್ಯಕ್ತಿ ಎಂಬ ಹಳೆಯ ತತ್ವವಿತ್ತು, ಅದರಿಂದಾಗಿ ಹೆಂಡತಿ ಗಂಡನ ಮೇಲೆ ಇಂತಹ ದಾವೆ ಹೂಡುವಂತಿರಲಿಲ್ಲ. ಅಲ್ಲಿನ ಸಂಸತ್ತು 1962ರಲ್ಲಿ ಅದನ್ನು ತೆಗೆದುಹಾಕಿತು. ಕೆನಡಾದ ಒಂಟಾರಿಯೊದಲ್ಲಿ 2022ರಲ್ಲಿ ನ್ಯಾಯಾಧೀಶರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವರ್ಷಗಟ್ಟಲೆ ನಡೆದ ಕೌಟುಂಬಿಕ ಹಿಂಸೆಯನ್ನೇ ಒಂದು ಪ್ರತ್ಯೇಕ ಸಿವಿಲ್ ತಪ್ಪೆಂದು ಪರಿಗಣಿಸಿ 1,50,000 ಡಾಲರ್ ಪರಿಹಾರ ಕೊಡಿಸಿದರು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಹೊಸ ವರ್ಗದ ಅಗತ್ಯವಿಲ್ಲ, ಹಲ್ಲೆ ಮತ್ತು ಮಾನಸಿಕ ಯಾತನೆಗೆ ಈಗಾಗಲೇ ಇರುವ ಕಾನೂನೇ ಸಾಕು ಎಂದು ಹೇಳಿ ಮೊತ್ತವನ್ನು 1,00,000 ಡಾಲರ್‌ಗೆ ಇಳಿಸಿತು. ವಿಷಯ ಕೆನಡಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇದನ್ನು ಏಕೆ ಹೇಳಿದೆನೆಂದರೆ, ಹೊಸ ವರ್ಗ ಬೇಡ ಎಂದ ನ್ಯಾಯಾಲಯವೂ ಪರಿಹಾರ ಬೇಡ ಎನ್ನಲಿಲ್ಲ.

ವಿಜಯಪುರದ ವಕೀಲೆ:

ವಿದ್ಯಾರ್ಥಿ ಹೇಳಿದ್ದು ಸರಿ. ಆದರೆ ಜಮಖಂಡಿಯ ಅಕ್ಕನವರಿಗೆ ಕೆನಡಾಕ್ಕಿಂತ ಹತ್ತಿರದ ದಾರಿ ಇದೆ, ಅದನ್ನು ಹೇಳುತ್ತೇನೆ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 20ನೇ ಕಲಂನಲ್ಲಿ ಜೀವನಾಂಶ ಮಾತ್ರವಲ್ಲ, ಕಳೆದುಕೊಂಡ ದುಡಿಮೆ, ಆಸ್ಪತ್ರೆಯ ಖರ್ಚು, ಹಾಳು ಮಾಡಿದ ವಸ್ತುವಿನ ಬೆಲೆ ಇವನ್ನೆಲ್ಲ ಕೇಳಬಹುದು. ನಿಮ್ಮ ತಂಗಿಯ ಪ್ಲೇಟಿನ ಖರ್ಚು, ಹೊಲಿಗೆ ಯಂತ್ರ ಎರಡೂ ಇದರಲ್ಲಿ ಬರುತ್ತವೆ. 22ನೇ ಕಲಂ ಬೇರೆಯದು. ದೇಹಕ್ಕೆ ಆದ ಗಾಯ, ಮಾನಸಿಕ ಹಿಂಸೆ, ಮನೋವೇದನೆ ಇವುಗಳಿಗೆ ಪರಿಹಾರ ಮತ್ತು ನಷ್ಟ ಭರ್ತಿ ಕೊಡಿಸುವ ಕಲಂ ಅದು. ಅದನ್ನು ಗಮನವಿಟ್ಟು ಓದಿದರೆ ಒಂದು ಮಾತು ಕಾಣುತ್ತದೆ: ಬಾಧಿತ ಮಹಿಳೆ ಅರ್ಜಿ ಸಲ್ಲಿಸಿದರೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಅಂದರೆ ಕೇಳಬೇಕು. ನಮ್ಮ ಕಡೆಯ ಜಿಲ್ಲೆಗಳಲ್ಲಿ ನಾನು ನೋಡುವ ಅರ್ಜಿಗಳ ಕೊನೆಯ ಪುಟದಲ್ಲಿ 22ನೇ ಕಲಂ ಇರುವುದೇ ಇಲ್ಲ, ಇದ್ದರೂ 'ನ್ಯಾಯಾಲಯ ಸೂಕ್ತವೆಂದು ಭಾವಿಸಿದ ಪರಿಹಾರ' ಎಂದು ಬರೆದು ಮೊತ್ತದ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಇದು ನನಗೆ ಪ್ರತಿ ಬಾರಿಯೂ ಸಂಕಟ ತರುತ್ತದೆ. ಹೆಣ್ಣುಮಗಳು ಮುರಿದ ಕೈ ತೋರಿಸುತ್ತ ನಿಂತಿದ್ದಾಳೆ, ಆ ಕೈಯ ಬಗ್ಗೆ ಅರ್ಜಿಯಲ್ಲಿ ಒಂದು ಅಂಕಿಯೂ ಇಲ್ಲ.

ಇನ್ನು ಸಿವಿಲ್ ದಾವೆ. ಇದೇ ಕಾಯ್ದೆಯ 12ನೇ ಕಲಂ ಎರಡನೇ ಉಪಕಲಂ, ಮ್ಯಾಜಿಸ್ಟ್ರೇಟರ ಬಳಿ ಹೋದ ಮಾತ್ರಕ್ಕೆ ಪರಿಹಾರದ ದಾವೆ ಹೂಡುವ ಹಕ್ಕು ಹೋಗುವುದಿಲ್ಲ ಎಂದು ನೇರವಾಗಿ ಹೇಳುತ್ತದೆ. ಎರಡೂ ಕಡೆ ಹಣ ಸಿಕ್ಕರೆ ಒಂದು ಕಡೆ ಕೊಟ್ಟಿದ್ದನ್ನು ಇನ್ನೊಂದರಲ್ಲಿ ವಜಾ ಮಾಡಿಕೊಳ್ಳುತ್ತಾರೆ, ಅಷ್ಟೇ.

ಹಾಗಾದರೆ ಯಾವುದನ್ನು ಹಿಡಿಯಬೇಕು? ನಿಮ್ಮ ಪ್ರಕರಣದಲ್ಲಿ ಊರೇ ಅದನ್ನು ತೀರ್ಮಾನಿಸುತ್ತದೆ. ದೇಹಕ್ಕೆ ಆದ ಹಾನಿಯ ದಾವೆಯನ್ನು ಹಾನಿ ನಡೆದ ಕಡೆ ಅಥವಾ ಪ್ರತಿವಾದಿ ವಾಸಿಸುವ ಕಡೆ ಹೂಡಬೇಕು, ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಂ. ಎರಡೂ ಸಾಂಗಲಿ ಜಿಲ್ಲೆಯಲ್ಲೇ ಇವೆ. ಪ್ರತಿ ಹಿಯರಿಂಗಿಗೆ ಅಲ್ಲಿಗೆ ಹೋಗಬೇಕು, ಕಾಗದವೆಲ್ಲ ಮರಾಠಿ. ಕೌಟುಂಬಿಕ ದೌರ್ಜನ್ಯದ ಅರ್ಜಿಯನ್ನಾದರೆ ಅವಳು ತಾತ್ಕಾಲಿಕವಾಗಿ ವಾಸಿಸುವ ಊರಿನ ನ್ಯಾಯಾಲಯದಲ್ಲೂ ಹಾಕಬಹುದು, ಅಂದರೆ ಜಮಖಂಡಿಯಲ್ಲೇ. ಆ ಆದೇಶ ದೇಶದ ಎಲ್ಲ ಕಡೆಯೂ ನಡೆಯುತ್ತದೆ. ಗಡಿಯಾಚೆ ಹೆಣ್ಣು ಕೊಟ್ಟ ನಮ್ಮ ಕಡೆಯ ಮನೆಗಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಕಾಲಮಿತಿಯನ್ನೂ ನೋಡಿಕೊಳ್ಳಿ. ಇಂತಹ ಸಿವಿಲ್ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 12ನೇ ಕಲಂ ಅಡಿ ಮ್ಯಾಜಿಸ್ಟ್ರೇಟರಿಗೆ ಹಾಕುವ ಅರ್ಜಿಗೆ ಕ್ರಿಮಿನಲ್ ಕಾನೂನಿನ ಕಾಲಮಿತಿ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಸಿವಿಲ್ ದಾವೆಯಲ್ಲಿ ಕೇಳುವ ಮೊತ್ತ ಏರಿದಂತೆ ನ್ಯಾಯಾಲಯ ಶುಲ್ಕವೂ ಏರುತ್ತದೆ. ಆದರೆ ಮಹಿಳೆಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿಯ ಕಚೇರಿ ಇರುತ್ತದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿದರೂ ಆಗುತ್ತದೆ.

ಬೈಲಹೊಂಗಲದ ನಿವೃತ್ತ ಶಿಕ್ಷಕ:

ತಂಗಿಯ ಸಂಕಟ ಓದಿ ಮನಸ್ಸು ಕಲಕಿತು. ಆದರೂ ನನ್ನ ಅನಿಸಿಕೆಯನ್ನು ಹೇಳಲೇಬೇಕು. ಹೊಡೆತಕ್ಕೆ ಇಷ್ಟು ರೂಪಾಯಿ, ಬೈಗುಳಕ್ಕೆ ಇಷ್ಟು ರೂಪಾಯಿ ಎಂದು ಕೇಳುತ್ತ ಹೋದರೆ, ದುಡ್ಡಿದ್ದವನು ಹೊಡೆದು ದುಡ್ಡು ಎಸೆಯಬಹುದು ಎಂದಾಗುವುದಿಲ್ಲವೇ? ಅಂತಹವನಿಗೆ ಶಿಕ್ಷೆಯಾಗಬೇಕು. ಇಲ್ಲವೇ ಹಿರಿಯರ ಮುಂದೆ ತಲೆ ತಗ್ಗಿಸಿ ತಪ್ಪು ಒಪ್ಪಿಕೊಳ್ಳಬೇಕು. ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಎರಡೂ ಮನೆ ಮುಗಿದವು. ಹಿರಿಯರು ಕೂಡುತ್ತಿದ್ದಾರೆ ಎಂದರೆ ಅದನ್ನು ಹಗುರವಾಗಿ ನೋಡಬೇಡಿ, ನಾನೂ ಇಂತಹ ಹಲವು ರಾಜಿಗಳಲ್ಲಿ ಕುಳಿತಿದ್ದೇನೆ, ಮನೆಗಳು ಉಳಿದಿವೆ.

ತೇರದಾಳದ ಗೃಹಿಣಿ:

ಗುರುಗಳೇ, ನಿಮ್ಮ ಮೇಲಿನ ಗೌರವವನ್ನು ಇಟ್ಟುಕೊಂಡೇ ಬರೆಯುತ್ತಿದ್ದೇನೆ. ನನ್ನದೂ ಹಿರಿಯರ ರಾಜಿಯೇ ಆಗಿತ್ತು. ಅವನು ತಲೆ ತಗ್ಗಿಸಿದ, ನಿಜ. ಎಲ್ಲರ ಕಾಲು ಮುಟ್ಟಿದ. ಆಮೇಲೆ ಬಾಂಡ್ ಕಾಗದದ ಮೇಲೆ ಬರೆಸಿದರು: ಮದುವೆಯಲ್ಲಿ ಹಾಕಿದ ಬಂಗಾರ ಹಿಂದಿರುಗಿಸುವುದು, ಒಂದು ಮೊತ್ತ ಕೊಡುವುದು, ಇನ್ನು ಮುಂದೆ ಎರಡೂ ಕಡೆಯವರು ಯಾವ ತಕರಾರನ್ನೂ ಎತ್ತತಕ್ಕದ್ದಲ್ಲ. ಬಂಗಾರ ನಮ್ಮದೇ ಆಗಿತ್ತು. ಆ ಮೊತ್ತ ನನ್ನ ಕಿವಿಯ ಚಿಕಿತ್ಸೆಗೂ ಸಾಲಲಿಲ್ಲ. ಬಲಗಿವಿ ಇಂದಿಗೂ ಕೇಳುವುದಿಲ್ಲ. ಆ ಕಾಗದದಲ್ಲಿ ಕಿವಿ ಎಂಬ ಮಾತೇ ಇರಲಿಲ್ಲ.

ಕೂತವರಲ್ಲಿ ಯಾರೂ ಕೆಟ್ಟವರಲ್ಲ. ಅವರ ಮುಂದಿದ್ದದ್ದು ಮನೆ ಉಳಿಸುವ ಪ್ರಶ್ನೆ. ನನ್ನ ಗಾಯ ಅವರಿಗೆ ಪ್ರಶ್ನೆಯಾಗಿ ಕಾಣಲೇ ಇಲ್ಲ. ಹಣ ಕೇಳಿದರೆ ಮಾನ ಹೋಗುತ್ತದೆ ಎನ್ನುವವರಿದ್ದಾರೆ. ಆಸ್ಪತ್ರೆಯ ಬಿಲ್ಲು ಕಟ್ಟಲು ನನ್ನ ಅವ್ವ ಎಮ್ಮೆ ಮಾರಿದಾಗ ಯಾರ ಮಾನ ಉಳಿಯಿತು? ದುಡ್ಡು ಎಸೆದು ಪಾರಾಗುತ್ತಾನೆ ಎನ್ನುವ ಭಯವೂ ಬೇಡ, ಇಂದು ಅವರು ಒಂದು ರೂಪಾಯಿಯನ್ನೂ ಎಸೆಯದೆ ಪಾರಾಗುತ್ತಿದ್ದಾರೆ.

ಬೈಲಹೊಂಗಲದ ನಿವೃತ್ತ ಶಿಕ್ಷಕ:

ತಾಯೀ, ನಿಮ್ಮ ಮಾತಿಗೆ ಉತ್ತರವಿಲ್ಲ. ಹಿರಿಯರ ಕಾಗದದಲ್ಲಿ ಚಿಕಿತ್ಸೆಯ ಖರ್ಚು, ಕಳೆದುಹೋದ ದುಡಿಮೆ ಪ್ರತ್ಯೇಕ ಸಾಲಾಗಿ ಬರಲೇಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ವರ್ಷಗಟ್ಟಲೆ ದಾವೆಯೊಳಗೆ ಒಂದು ಹೆಣ್ಣುಮಗಳ ಹರೆಯ ಕಳೆದುಹೋಗುವುದು ಬೇಡ ಎಂಬ ನನ್ನ ಮಾತು ಉಳಿದೇ ಇದೆ.

ಗೋಕಾಕದ ಶುಶ್ರೂಷಕಿ:

ಮಿರಜಿನ ಆಸ್ಪತ್ರೆಯ ಕಾಗದದಲ್ಲಿ ಕೈ ಹೇಗೆ ಮುರಿಯಿತು ಎಂದು ಬರೆದಿದ್ದಾರೆ ನೋಡಿದ್ದೀರಾ ಅಕ್ಕಾ? ನನ್ನ ಕೆಲಸದಲ್ಲಿ ದಿನವೂ ಕಾಣುವ ಸಂಗತಿ ಇದು. ಗಂಡನೋ ಅತ್ತೆಯೋ ಪಕ್ಕದಲ್ಲೇ ನಿಂತಿರುತ್ತಾರೆ. ಡಾಕ್ಟರು ಕೇಳುತ್ತಾರೆ. ಹೆಣ್ಣುಮಗಳು 'ಬಚ್ಚಲಲ್ಲಿ ಜಾರಿ ಬಿದ್ದೆ' ಎನ್ನುತ್ತಾಳೆ. ಕೇಸ್ ಶೀಟಿನಲ್ಲಿ ಅದೇ ಉಳಿಯುತ್ತದೆ. ಬಿದ್ದವರ ಗಾಯ ಸಾಮಾನ್ಯವಾಗಿ ಅಂಗೈ ಊರಿದ ಕಡೆ ಇರುತ್ತದೆ. ಹೊಡೆತ ತಡೆಯಲು ಮುಖದ ಮುಂದೆ ಕೈ ಎತ್ತಿದವರಿಗೆ ಮುಂಗೈಯ ಹೊರಬದಿಗೆ, ಕಿರುಬೆರಳಿನ ಕಡೆಯ ಎಲುಬಿಗೆ ಪೆಟ್ಟು ಬೀಳುತ್ತದೆ. ಎಕ್ಸ್‌ರೇ ನೋಡಿ ಮೂಳೆ ತಜ್ಞರು ಇದನ್ನು ಹೇಳಬಲ್ಲರು. ಆದ್ದರಿಂದ ಡಿಸ್ಚಾರ್ಜ್ ಕಾರ್ಡ್ ಒಂದನ್ನೇ ನಂಬಿ ಕೂರಬೇಡಿ. ಪೂರ್ತಿ ಕೇಸ್ ಶೀಟ್, ಎಕ್ಸ್‌ರೇ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಔಷಧಿಯ ಬಿಲ್ಲು ಎಲ್ಲದರ ಪ್ರತಿ ಕೇಳಿ ಪಡೆಯಿರಿ. ಪ್ಲೇಟ್ ತೆಗೆಸಬೇಕಾದರೆ ಅದರ ಅಂದಾಜು ವೆಚ್ಚವನ್ನೂ ಬರೆಸಿಕೊಳ್ಳಿ.

ಇನ್ನೂ ಗಂಡನ ಮನೆಯಲ್ಲೇ ಇರುವವರು ಇದನ್ನು ಓದುತ್ತಿದ್ದರೆ, ತಪಾಸಣೆಯ ಕೊಠಡಿಯಲ್ಲಿ ಒಬ್ಬರೇ ಮಾತಾಡಬೇಕು ಎಂದು ನಮ್ಮನ್ನು ಕೇಳಿ. ಜೊತೆಯಲ್ಲಿ ಬಂದವರನ್ನು ಹೊರಗೆ ಕಳಿಸುವುದು ನಮ್ಮ ಕೆಲಸ. ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ) ಎಂದು ದಾಖಲಾದರೆ ಗಾಯದ ಪ್ರಮಾಣಪತ್ರ ಸಿಗುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಸಖಿ ಕೇಂದ್ರ, ಅಂದರೆ ಹಿಂಸೆಗೊಳಗಾದ ಮಹಿಳೆಯರ ನೆರವಿನ ಕೇಂದ್ರ ಇದೆ. ರಾತ್ರಿಯಾದರೆ ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಕರೆಯ 112.

ಜಮಖಂಡಿಯ ಅಕ್ಕ:

ಕಾರ್ಡಿನಲ್ಲಿ 'ಮೆಟ್ಟಿಲಿನಿಂದ ಬಿದ್ದು' ಎಂದೇ ಇದೆ. ಇದರಿಂದ ಎಲ್ಲ ಮುಗಿಯಿತೇ?

ವಿಜಯಪುರದ ವಕೀಲೆ:

ಮುಗಿಯಲಿಲ್ಲ. ಎದುರು ವಕೀಲರು ಆ ಸಾಲನ್ನು ದೊಡ್ಡದಾಗಿ ಓದಿಸುತ್ತಾರೆ, ಅದಕ್ಕೆ ಸಿದ್ಧವಾಗಿರಿ. ಆದರೆ ಪರಿಹಾರ ಕೇಳುವಾಗ ಕೊಲೆ ಪ್ರಕರಣದಂತೆ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಬೇಕಿಲ್ಲ. ಎರಡೂ ಕಡೆಯ ಮಾತನ್ನು ತೂಗಿದಾಗ ಯಾವುದು ಹೆಚ್ಚು ಸಂಭವನೀಯ ಎಂಬುದು ಮುಖ್ಯ. ಅದೇ ಕಾರಣಕ್ಕೆ ಕ್ರಿಮಿನಲ್ ಪ್ರಕರಣದಲ್ಲಿ ಅವನು ಖುಲಾಸೆಯಾದರೂ ಪರಿಹಾರದ ದಾವೆ ತಾನಾಗಿಯೇ ಬಿದ್ದುಹೋಗುವುದಿಲ್ಲ. ಕಾರ್ಡ್ ಬರೆಯುವಾಗ ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ತಂಗಿ ತನ್ನ ಅಫಿಡವಿಟ್‌ನಲ್ಲಿ, ಅಂದರೆ ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆಯಲ್ಲಿ ಹೇಳಲಿ. ಆ ರಾತ್ರಿ ಅವಳು ನಿಮಗೆ ಫೋನ್ ಮಾಡಿದ್ದರೆ ನೀವೇ ಸಾಕ್ಷಿ. ವಾಟ್ಸ್‌ಆ್ಯಪ್ ಧ್ವನಿ ಸಂದೇಶಗಳಿದ್ದರೆ ಅಳಿಸಬೇಡಿ, ಫೋನನ್ನೂ ಬದಲಿಸಬೇಡಿ. ಅವನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರ ಲಗತ್ತಿಸಬೇಕು.

ಇನ್ನು ಮೊತ್ತದ ಮಾತಿಗೆ ಬರುತ್ತೇನೆ, ನನಗೆ ಅತಿ ಮುಖ್ಯವೆನಿಸುವುದು ಇದೇ. ನಮ್ಮ ಕಡೆ ಟ್ರ್ಯಾಕ್ಟರ್ ಬಡಿದು ಕೈ ಮುರಿದರೆ ಮೋಟಾರು ಅಪಘಾತ ಪರಿಹಾರದ ಅರ್ಜಿ ಹೇಗೆ ಹಾಕಬೇಕು ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ವೈದ್ಯರು ಅಂಗವೈಕಲ್ಯದ ಪ್ರಮಾಣ ಬರೆದುಕೊಡುತ್ತಾರೆ, ವಕೀಲರು ಲೆಕ್ಕ ಹಾಕುತ್ತಾರೆ, ನ್ಯಾಯಾಧೀಶರು ಒಂದೊಂದು ಬಾಬನ್ನೂ ಬಿಡಿಸಿ ಮೊತ್ತ ನಿಗದಿಪಡಿಸುತ್ತಾರೆ. ಅದೇ ಕೈಯನ್ನು ಗಂಡ ಮುರಿದರೆ ಆ ಲೆಕ್ಕ ಎಲ್ಲಿಗೆ ಹೋಗುತ್ತದೆ?

ನಿಮ್ಮ ತಂಗಿಯದನ್ನೇ ನೋಡೋಣ. ತಿಂಗಳ ದುಡಿಮೆ 9,000 ಎಂದರೆ ವರ್ಷಕ್ಕೆ 1,08,000. ಅಪಘಾತದ ಪ್ರಕರಣಗಳಲ್ಲಿ 26ರಿಂದ 30 ವರ್ಷದವರಿಗೆ ಸುಪ್ರೀಂ ಕೋರ್ಟ್ 2009ರಲ್ಲಿ ಗೊತ್ತುಪಡಿಸಿದ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸುವ ಸಂಖ್ಯೆ 17. ಅವಳ ಹೊಲಿಗೆಯ ಸಾಮರ್ಥ್ಯ ಶೇ 20ರಷ್ಟು ಶಾಶ್ವತವಾಗಿ ಕುಗ್ಗಿದೆ ಎಂದು ಇಟ್ಟುಕೊಳ್ಳಿ. ಮುಂದಿನ ದುಡಿಮೆಯ ನಷ್ಟ ಒಂದೇ 3,67,200 ರೂಪಾಯಿ ಆಗುತ್ತದೆ. ಚಿಕಿತ್ಸೆ, ನೋವು, ಯಂತ್ರ, ಕೆಲಸವಿಲ್ಲದೆ ಕುಳಿತ ತಿಂಗಳುಗಳು ಇದರ ಮೇಲೆ. ಮ್ಯಾಜಿಸ್ಟ್ರೇಟರು ಈ ಸೂತ್ರಕ್ಕೆ ಬದ್ಧರಲ್ಲ. ಆದರೆ 'ಐದು ಲಕ್ಷ ಕೊಡಿಸಬೇಕು' ಎಂದು ಸುಮ್ಮನೆ ಬರೆದ ಅರ್ಜಿಗೂ ಈ ಲೆಕ್ಕವನ್ನು ಬಿಡಿಸಿಟ್ಟ ಅರ್ಜಿಗೂ ಬಹಳ ಅಂತರವಿದೆ. ಜೊತೆಗೆ ಅಪಘಾತದ ತೀರ್ಪುಗಳಲ್ಲಿ ಇನ್ನೊಂದು ನ್ಯಾಯವಾದ ತತ್ವವಿದೆ: ದೇಹದ ಊನ ಎಷ್ಟು ಎನ್ನುವುದಕ್ಕಿಂತ, ಆ ಊನದಿಂದ ಆ ಮನುಷ್ಯನ ಕಸುಬಿಗೆ ಎಷ್ಟು ಪೆಟ್ಟು ಬಿತ್ತು ಎಂದು ನೋಡಬೇಕು. ಮಣಿಕಟ್ಟು ತಿರುಗದಿರುವುದು ಗುಮಾಸ್ತೆಗೆ ಒಂದು ಬಗೆ, ತೋಳು ಕೂಡಿಸುವವಳಿಗೆ ಇನ್ನೊಂದು ಬಗೆ. ನೀವು ಮೊದಲ ಬರಹದಲ್ಲಿ ಹೇಳಿದಿರಲ್ಲ, ಅದನ್ನು ಅದೇ ಮಾತಿನಲ್ಲಿ ಅರ್ಜಿಯಲ್ಲಿ ಬರೆಸಿ.

ಮುಂಬೈಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯ 22ನೇ ಕಲಂ ಅಡಿ ಕೊಡಿಸಿದ್ದ 3 ಕೋಟಿ ರೂಪಾಯಿ ಪರಿಹಾರವನ್ನು ಬಾಂಬೆ ಹೈಕೋರ್ಟ್ 2024ರಲ್ಲಿ ಎತ್ತಿಹಿಡಿದಿದೆ. ಅವರು ಬಹಳ ಅನುಕೂಲಸ್ಥರು, ಆ ಮೊತ್ತವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಆ ಕಲಂ ಬರೀ ಕಾಗದದ ಮೇಲಿನದಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಅಥಣಿಯ ಕಬ್ಬು ಬೆಳೆಗಾರ:

ಎರಡು ಮಾತು ಕೇಳುತ್ತೇನೆ, ಕೋಪಿಸಿಕೊಳ್ಳಬೇಡಿ. ಸುಳ್ಳು ಹೇಳಿ ಗಂಡನ ಮನೆಯವರನ್ನು ಗೋಳು ಹೊಯ್ದುಕೊಳ್ಳುವವರು ಇಲ್ಲವೇ? ಎರಡನೆಯದು, ನ್ಯಾಯಾಲಯ ಆದೇಶ ಮಾಡಿತು ಎಂದೇ ಇಟ್ಟುಕೊಳ್ಳಿ, ಕೊಡುವವನ ಕೈಯಲ್ಲಿ ದುಡ್ಡೇ ಇಲ್ಲದಿದ್ದರೆ? ನಮ್ಮ ಹಳ್ಳಿಯಲ್ಲಿ ಹೊಲ ಅಪ್ಪನ ಹೆಸರಿನಲ್ಲಿ, ಸಾಲ ಸೊಸೈಟಿಯಲ್ಲಿ, ದುಡ್ಡು ಬರುವುದು ವರ್ಷಕ್ಕೊಮ್ಮೆ ಕಬ್ಬಿನ ಬಿಲ್ಲಿನಲ್ಲಿ ಮಾತ್ರ.

ವಿಜಯಪುರದ ವಕೀಲೆ:

ಮೊದಲನೆಯದಕ್ಕೆ ಉತ್ತರ ಸುಲಭ. ಪರಿಹಾರದ ಅರ್ಜಿಯಲ್ಲಿ ಬಂಧನ ಇಲ್ಲ. ಅರ್ಜಿದಾರಳು ಗಾಯ, ಖರ್ಚು, ನಷ್ಟ ಮೂರನ್ನೂ ಸಾಬೀತುಪಡಿಸಬೇಕು, ಪಾಟೀಸವಾಲು ಎದುರಿಸಬೇಕು, ಆಗದಿದ್ದರೆ ಒಂದು ರೂಪಾಯಿಯೂ ಬರುವುದಿಲ್ಲ. ಸುಳ್ಳಿಗೆ ಹೆದರುವವರು ಇಂತಹ ಪ್ರಕರಣವನ್ನೇ ಹೆಚ್ಚು ಬಯಸಬೇಕು. ಗಂಡಸೊಬ್ಬನಿಗೆ ಹೆಂಡತಿಯಿಂದ ಪೆಟ್ಟಾಗಿದ್ದರೆ 2005ರ ಕಾಯ್ದೆ ಅವನಿಗಿಲ್ಲ, ಆದರೆ ಸಾಮಾನ್ಯ ಸಿವಿಲ್ ದಾವೆ ಅವನಿಗೂ ತೆರೆದೇ ಇದೆ.

ಎರಡನೆಯದು ನಿಜವಾದ ಪ್ರಶ್ನೆ. ನಿಮ್ಮ ಪ್ರಶ್ನೆಯೊಳಗೇ ಉತ್ತರವೂ ಇದೆ ಅಣ್ಣಾ: ಕಬ್ಬಿನ ಬಿಲ್ಲು. 20ನೇ ಕಲಂ ಅಡಿ ಆದೇಶವಾದ ಹಣವನ್ನು ಗಂಡ ಕೊಡದಿದ್ದರೆ, ಅವನಿಗೆ ಸಂಬಳ ಕೊಡುವವರು ಅಥವಾ ಅವನಿಗೆ ಬಾಕಿ ಕೊಡಬೇಕಾದವರು ಅದರಲ್ಲಿ ಒಂದು ಭಾಗವನ್ನು ನೇರವಾಗಿ ಹೆಂಡತಿಗೆ ಕೊಡಲಿ ಎಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಕಬ್ಬು ಪಡೆದು ಹಣ ಕೊಡದ ಕಾರ್ಖಾನೆ ಅವನಿಗೆ ಬಾಕಿದಾರನೇ ಅಲ್ಲವೇ? ಕಾರ್ಖಾನೆಯ ಹೆಸರು, ಅವನ ರೈತ ಸಂಖ್ಯೆ, ಕಳೆದ ಹಂಗಾಮಿನ ತೂಕದ ಚೀಟಿ, ಇಷ್ಟು ಅರ್ಜಿಯಲ್ಲಿ ಬರಲಿ. ಇದು 20ನೇ ಕಲಂನ ಹಣಕ್ಕೆ ಇರುವ ಅನುಕೂಲ ಎಂಬುದನ್ನು ನೆನಪಿಡಿ. ಆಸ್ಪತ್ರೆ ಖರ್ಚು, ದುಡಿಮೆಯ ನಷ್ಟ, ಯಂತ್ರ ಇವನ್ನು 22ರಲ್ಲಿ ಸೇರಿಸಿ ಗೋಜಲು ಮಾಡದೆ 20ರಲ್ಲೇ ಕೇಳಿ ಎಂದು ನಾನು ಹೇಳುವುದು ಇದಕ್ಕೇ.

ಸಿವಿಲ್ ಡಿಕ್ರಿಯ, ಅಂದರೆ ದಾವೆಯ ಕೊನೆಯಲ್ಲಿ ಬರುವ ಆದೇಶದ ದಾರಿ ಬೇರೆ. ಅದನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ ಹಾಕಿ ಜಪ್ತಿ ಮಾಡಿಸಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂನಲ್ಲಿ ಮುಟ್ಟಬಾರದ ವಸ್ತುಗಳ ಪಟ್ಟಿ ಇದೆ. ರೈತ ವಾಸಿಸುವ ಮನೆ, ಎತ್ತು, ಬೀಜ, ಒಕ್ಕಲುತನದ ಸಲಕರಣೆಗಳನ್ನು ಮುಟ್ಟುವಂತಿಲ್ಲ. ಕುಶಲಕರ್ಮಿಯ ಉಪಕರಣವನ್ನೂ ಮುಟ್ಟುವಂತಿಲ್ಲ, ಇಳಕಲ್ಲು ಗುಳೇದಗುಡ್ಡದ ಕಡೆ ಕೈಮಗ್ಗದ ಮನೆಗಳಿಗೆ ಇದು ಅನ್ವಯಿಸುತ್ತದೆ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಬಿಟ್ಟು ಮಿಕ್ಕಿದ್ದು ಸಿಗುತ್ತದೆ, ಜೀವನಾಂಶದ ಡಿಕ್ರಿಗಾದರೆ ಮೂರನೇ ಎರಡು ಭಾಗದವರೆಗೆ ಹಿಡಿಯಬಹುದು. ಹೊಲಕ್ಕೆ ಇಂತಹ ರಕ್ಷಣೆ ಇಲ್ಲ, ಪಿತ್ರಾರ್ಜಿತದಲ್ಲಿನ ಅವನ ಪಾಲನ್ನೂ ಜಪ್ತಿ ಮಾಡಿಸಬಹುದು. ಬಾಗಲಕೋಟೆ ಜಿಲ್ಲೆಯಲ್ಲಿ ಮುಳುಗಡೆಯ ಪರಿಹಾರ ಇನ್ನೂ ಬರಬೇಕಾದ ಮನೆಗಳು ಎಷ್ಟೋ ಇವೆ. ಆ ಹಣವನ್ನೂ ಅವನ ಕೈಗೆ ಬರುವ ಮೊದಲೇ ಹಿಡಿಯಲು ಕೇಳಬಹುದು.

ಇಂದು ಅವನ ಕೈ ಬರಿದಾಗಿರಬಹುದು. ಡಿಕ್ರಿಗೆ 12 ವರ್ಷ ಆಯಸ್ಸಿದೆ. ಅಷ್ಟರಲ್ಲಿ ಅಪ್ಪನ ಹೊಲ ಅವನ ಹೆಸರಿಗೆ ಬರುವುದಿಲ್ಲವೇ?

ಇಂಡಿ ತಾಲ್ಲೂಕಿನ ಅಂಗನವಾಡಿ ಮೇಲ್ವಿಚಾರಕಿ:

ವಕೀಲರು ಹೇಳದ ಒಂದು ಮಾತು ಸೇರಿಸುತ್ತೇನೆ. ಪ್ರತಿ ತಾಲ್ಲೂಕಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯಡಿ ಮಹಿಳೆಯರಿಗೆ ನೆರವಾಗುವ ಸಂರಕ್ಷಣಾಧಿಕಾರಿ. ಅವರ ಬಳಿ ಹೋದರೆ ಕೌಟುಂಬಿಕ ಘಟನಾ ವರದಿ ಸಿದ್ಧಪಡಿಸಿ ನ್ಯಾಯಾಲಯಕ್ಕೆ ಕಳಿಸುತ್ತಾರೆ. ಆ ವರದಿ ಇಲ್ಲದಿದ್ದರೂ ನ್ಯಾಯಾಲಯ ಆದೇಶ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದರೂ ಮಾಡಿಸಿ ಎಂದೇ ನಾನು ಹೇಳುತ್ತೇನೆ. ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ ಎಂದು ನಮೂನೆಯಲ್ಲಿ ಬೇರೆ ಬೇರೆ ಜಾಗಗಳಿವೆ. ಬರುವ ಹೆಣ್ಣುಮಕ್ಕಳು ಹೊಡೆತವನ್ನಷ್ಟೇ ಹೇಳಿ ಏಳುತ್ತಾರೆ. ದುಡಿದ ಹಣ ಕಿತ್ತುಕೊಂಡದ್ದು, ಕೆಲಸಕ್ಕೆ ಹೋಗಲು ಬಿಡದಿದ್ದದ್ದು ಹಿಂಸೆ ಎಂದು ಅವರಿಗೆ ಅನಿಸಿಯೇ ಇರುವುದಿಲ್ಲ. ಒಂದೊಂದಾಗಿ ಕೇಳಿದಾಗ ಹೇಳುತ್ತ ಹೋಗುತ್ತಾರೆ, ಹೇಳುತ್ತ ಹೇಳುತ್ತ ಅಳುತ್ತಾರೆ.

ಮೊದಲ ವಿಚಾರಣೆಯಿಂದ 60 ದಿನದಲ್ಲಿ ಅರ್ಜಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ಅಷ್ಟರಲ್ಲಿ ಮುಗಿಯುವುದಿಲ್ಲ, ಆ ಆಸೆಯನ್ನು ಹುಟ್ಟಿಸಲು ನನಗೆ ಮನಸ್ಸಿಲ್ಲ. ಬೈಲಹೊಂಗಲದ ಗುರುಗಳ ಆತಂಕದಲ್ಲಿ ಹುರುಳಿದೆ. ಅದಕ್ಕೇ 23ನೇ ಕಲಂ ಅಡಿ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಬೇಕು.

ವಿಜಯಪುರದ ಓದುಗ ಮಹಿಳೆ:

ತಲಾಕ್ ಆದ ಮೇಲೂ ಈ ಅರ್ಜಿ ಹಾಕಬಹುದೇ? ಹಾಗೆಯೇ ಮದುವೆಯಾಗದೆ ಜೊತೆಗಿದ್ದವರಿಗೆ? ನನ್ನ ಗೆಳತಿಯ ಸಲುವಾಗಿ ಕೇಳುತ್ತಿದ್ದೇನೆ.

ವಿಜಯಪುರದ ವಕೀಲೆ:

ಕಾಯ್ದೆ ಎಲ್ಲ ಧರ್ಮದವರಿಗೂ ಒಂದೇ. ವಿಚ್ಛೇದನಕ್ಕೆ ಮುಂಚೆ ನಡೆದ ಹಿಂಸೆಗೆ ವಿಚ್ಛೇದನದ ನಂತರವೂ ಪರಿಹಾರ ಕೇಳಬಹುದು, ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಮದುವೆಯ ಸ್ವರೂಪದ ಸಂಬಂಧವೂ ಕಾಯ್ದೆಯಲ್ಲಿ ಸೇರಿದೆ, ಆದರೆ ಜೊತೆಗಿದ್ದವರೆಲ್ಲ ಅದರೊಳಗೆ ಬರುವುದಿಲ್ಲ. ಎಷ್ಟು ಕಾಲ, ಯಾವ ಬಗೆಯಲ್ಲಿ ಒಂದೇ ಮನೆ ಮಾಡಿದ್ದರು ಎಂಬುದನ್ನು ನೋಡುತ್ತಾರೆ. ಅದರೊಳಗೆ ಬರದಿದ್ದರೂ ಹಲ್ಲೆಗೆ ಸಿವಿಲ್ ದಾವೆ ಇದ್ದೇ ಇದೆ. ಗೆಳತಿಯನ್ನು ಸಖಿ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಒಬ್ಬಳನ್ನೇ ಕಳಿಸಬೇಡಿ.

ಜಮಖಂಡಿಯ ಅಕ್ಕ:

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ತಂಗಿಗೆ ಇದನ್ನೆಲ್ಲ ಓದಿ ಹೇಳಿದೆ. ಅವಳು ಕೇಳಿದ್ದು ಎರಡೇ. ಜೀವನಾಂಶದ ಅರ್ಜಿಯನ್ನು ಬಿಡಬೇಕಾಗುತ್ತದೆಯೇ? ಮತ್ತು ಹಿರಿಯರ ಬಳಿ ಹೋಗುವುದೋ ಬೇಡವೋ? ಇನ್ನೊಂದು ಸುದ್ದಿಯೂ ಬಂದಿದೆ. ಅವನು ತನ್ನ ಹೆಸರಿನ ದ್ರಾಕ್ಷಿ ತೋಟವನ್ನು ತಮ್ಮನ ಹೆಸರಿಗೆ ಬರೆದುಕೊಡಲು ಓಡಾಡುತ್ತಿದ್ದಾನಂತೆ.

ವಿಜಯಪುರದ ವಕೀಲೆ:

ಜೀವನಾಂಶ ಬಿಡಬೇಕಿಲ್ಲ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 26ನೇ ಕಲಂ ಪ್ರಕಾರ, ನಡೆಯುತ್ತಿರುವ ಬೇರೆ ಪ್ರಕರಣದಲ್ಲೂ ಅದರ 18ರಿಂದ 22ರವರೆಗಿನ ಕಲಂಗಳ ಪರಿಹಾರಗಳನ್ನು ಕೇಳಬಹುದು. ಪ್ರತ್ಯೇಕ ಅರ್ಜಿ ಹಾಕಿದರೆ ಒಂದರಲ್ಲಿ ಸಿಕ್ಕಿದ್ದನ್ನು ಇನ್ನೊಂದರಲ್ಲಿ ತಿಳಿಸಬೇಕು, ಮುಚ್ಚಿಡಬಾರದು. ನನ್ನ ಸಲಹೆ ಜಮಖಂಡಿಯಲ್ಲಿ 12ನೇ ಕಲಂ ಅಡಿ ಪ್ರತ್ಯೇಕ ಅರ್ಜಿ. ಸಿವಿಲ್ ದಾವೆಯ ಹಕ್ಕನ್ನು ಮೂರು ವರ್ಷದ ಲೆಕ್ಕ ಇಟ್ಟುಕೊಂಡು ಕಾಯ್ದಿರಿಸಿಕೊಳ್ಳಿ.

ಹಿರಿಯರ ಬಳಿ ಹೋಗಿ, ಹೋಗಬೇಡಿ ಎನ್ನುವುದಿಲ್ಲ. ಆದರೆ ಮೇಲೆ ಮಾಡಿದ ಲೆಕ್ಕದ ಹಾಳೆ ನಿಮ್ಮ ಕೈಯಲ್ಲಿರಲಿ, ಮತ್ತು ಅಂದು ಯಾವುದಕ್ಕೂ ಸಹಿ ಬೇಡ. 'ಇನ್ನು ಮುಂದೆ ಯಾವ ಹಕ್ಕೂ ಇರುವುದಿಲ್ಲ' ಎಂಬ ಸಾಲು ಕಂಡರೆ ಕಾಗದವನ್ನು ಮನೆಗೆ ತಂದು ವಕೀಲರಿಗೆ ತೋರಿಸಿ. ಲೋಕ ಅದಾಲತ್‌ನಲ್ಲಿ ಮುಗಿಸೋಣ ಎಂದರೆ ಇನ್ನೂ ಎಚ್ಚರ ಬೇಕು, ಅಲ್ಲಿ ಒಪ್ಪಿದ್ದು ಡಿಕ್ರಿಯೇ ಆಗುತ್ತದೆ, ಮೇಲ್ಮನವಿ ಇಲ್ಲ.

ತೋಟದ ವಿಷಯ ಎಲ್ಲಕ್ಕಿಂತ ಅವಸರದ್ದು. ಆಸ್ತಿ ಪರಭಾರೆ ಮಾಡದಂತೆ ತಡೆಯುವ ಅಧಿಕಾರ 18ನೇ ಕಲಂನಲ್ಲಿ ಮ್ಯಾಜಿಸ್ಟ್ರೇಟರಿಗೆ ಇದೆ, ಅವನ ಒಬ್ಬನ ಹೆಸರಿನ ಆಸ್ತಿಗೂ ಅದು ಅನ್ವಯಿಸುತ್ತದೆ. ಅದನ್ನೇ ಮಧ್ಯಂತರ ಆದೇಶವಾಗಿ ಕೇಳಬೇಕು. ಬರೆದುಕೊಟ್ಟೇಬಿಟ್ಟರೂ ಪೂರ್ತಿ ಕೈತಪ್ಪಿತು ಎಂದಲ್ಲ, ಕೊಡಬೇಕಾದವರನ್ನು ವಂಚಿಸಲು ಮಾಡಿದ ವರ್ಗಾವಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಅಡಿ ಪ್ರಶ್ನಿಸಬಹುದು, ಆದರೆ ಅದು ಇನ್ನೊಂದು ದಾವೆ. ಆದ್ದರಿಂದ ಇಂದೇ ಆ ತೋಟದ ಸಾತ್‌ಬಾರಾ ಉತಾರ, ಅಂದರೆ ನಮ್ಮ ಪಹಣಿಯಂತಹ ದಾಖಲೆ ತೆಗೆಸಿ. ಮಹಾರಾಷ್ಟ್ರ ಸರ್ಕಾರದ ಭೂದಾಖಲೆ ಜಾಲತಾಣದಲ್ಲಿ ಸಿಗುತ್ತದೆ. ಫೇರ್‌ಫಾರ್ ಎಂಬ ಹಕ್ಕು ಬದಲಾವಣೆಯ ನಮೂದು ಹೊಸದಾಗಿ ಬಿದ್ದಿದೆಯೇ ನೋಡಿ. ಗಟ್ ನಂಬರ್ (ಜಮೀನಿನ ಸಂಖ್ಯೆ) ಗೊತ್ತಿಲ್ಲದಿದ್ದರೆ ಊರಿನ ಹೆಸರು ಮತ್ತು ಅವನ ಪೂರ್ತಿ ಹೆಸರಿನಿಂದ ಹುಡುಕಬಹುದು. ಆ ಪ್ರತಿ ಹಿಡಿದುಕೊಂಡು ನಾಳೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ. ತಂಗಿಯೂ ಜೊತೆಯಲ್ಲಿರಲಿ, ವಕಾಲತ್ತಿಗೆ ಅವಳ ಸಹಿ ಬೇಕಾಗುತ್ತದೆ.